ಬಾಯಿಪಾಠವಾದ ಹನ್ನೆರಡು ಅಂಕಿ

ಪಶುವೈದ್ಯ ಪದವಿಯ ಐದೂವರೆ ವರ್ಷದಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಅದು ಮುಗಿಯುವ ಹೊತ್ತಿಗೆ ಬಾಗಲಕೋಟೆಯ ನನ್ನ ಆಪ್ತಸಲಹೆಯ ಕೋಣೆಗೆ ಬರುವ ಮಕ್ಕಳಲ್ಲಿ ಒಂದೇ ಆತುರ: ‘ಸಹಿ ಹಾಕಿಸ್ಕೊಂಡು ಹೋಗಿಬಿಟ್ರ ಸಾಕಾಗೇತ್ರಿ.’ ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಂಥ ಒಬ್ಬ ಹುಡುಗಿಯ ಕಥೆ ಇದು. ಆಕೆಯ ಒಪ್ಪಿಗೆಯಿದೆ, ಗುರುತಿನ ವಿವರ ಬದಲಿಸಿದ್ದೇನೆ.

ಆಕೆ ಹಳ್ಳಿಯವಳೇ. ತಾಲ್ಲೂಕಿನ ಪಶು ದವಾಖಾನೆಯಲ್ಲಿ ಇನ್ನು 12 ದಿನದ ಕೆಲಸ ಉಳಿದಿತ್ತು. ನಿದ್ದೆ ಇಲ್ಲ, ರಜೆ ಹಾಕಿ ಊರಿಗೆ ಹೋಗಿಬಿಡುತ್ತೇನೆ ಎಂದಳು. ಎರಡನೇ ಭೇಟಿಗೆ, ನೋಡಿದ ದನಗಳ ವಿವರ ಬರೆದಿಡುವ ಲಾಗ್‌ಬುಕ್ ತರಲು ಹೇಳಿದ್ದೆ. ಪುಟ ತಿರುವುತ್ತಾ ಹೋದರೆ ದುಂಡಗಿನ ಅಕ್ಷರ, ಒಂದು ಚಿತ್ತಿಲ್ಲ. ಒಂದು ಸಾಲಿನಲ್ಲಿ ಮಾತ್ರ ಎಮ್ಮೆಯ ಕಿವಿಬಿಲ್ಲೆಯ ನಂಬರ್ ಇತ್ತು, ಮುಂದಿನ ಕಲಂಗಳೆಲ್ಲ ಖಾಲಿ.

“ಇದು ಯಾರದವಾ?”

ಪುಸ್ತಕದ ಕಡೆ ನೋಡದೆಯೇ ಹನ್ನೆರಡೂ ಅಂಕಿ ಹೇಳಿದಳು. “ಅಜ್ಜಿ ಹೆಸರು ಕೇಳಿಲ್ರಿ ಮೇಡಂ. ನಂಬರ್ ಮಾತ್ರ ಬಾಯಿಪಾಠ ಆಗೇತಿ.”

ಈದ ಮರುದಿನ ಹಾಲುಜ್ವರ ಬಂದ ಎಮ್ಮೆ. ಹೆಸರು ಜ್ವರ, ಆದರೆ ಈದ ಮೇಲೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಬರುವ ರೋಗ, ಮೈ ತಣ್ಣಗಿರುತ್ತದಂತೆ. ಕರೆ ಬರುವಷ್ಟರಲ್ಲಿ ನೆಲ ಹಿಡಿದು ಒಪ್ಪತ್ತಾಗಿತ್ತು. ಡಾಕ್ಟರ್ ಎಮ್ಮೆಯ ಎದೆಗೆ ಸ್ಟೆತಸ್ಕೋಪ್ ಇಟ್ಟು ಕುಳಿತಿದ್ದರು, ರಕ್ತನಾಳಕ್ಕೆ ಬಿಡುವ ಕ್ಯಾಲ್ಸಿಯಂ ಬಾಟಲಿ ಇವಳ ಕೈಯಲ್ಲಿತ್ತು. ಜೋರಾಗಿ ಬಿಟ್ಟರೆ ಗುಂಡಿಗೆ ನಿಲ್ಲುತ್ತದೆಂದು ಓದಿದ್ದಳು, ನಿಧಾನಕ್ಕೇ ಬಿಟ್ಟಿದ್ದಳು. ಬಾಟಲಿ ಅರ್ಧವಾಗುವಷ್ಟರಲ್ಲಿ ಎಮ್ಮೆ ಸತ್ತಿತು. ತಡವಾಗಿತ್ತು ಎಂದು ಡಾಕ್ಟರೂ ಹೇಳಿದ್ದರು. ಅಂದಿನಿಂದ ಇವಳು ಆ ಓಣಿಯನ್ನೇ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತಿದ್ದಳು.

ನಾನು ಹೇಳಿದ್ದು ಇಷ್ಟು. ಆ ಸಾಲನ್ನು ಪೂರ್ತಿ ಬರಿ, ‘ಸತ್ತಿತು’ ಎಂಬುದನ್ನೂ ಸೇರಿಸಿ. ಡಾಕ್ಟರ ಬಳಿ ಅರ್ಧ ತಾಸು ಕೇಳಿಕೊಂಡು, ನನ್ನ ಕೈ ಎಲ್ಲಿ ತಪ್ಪಿತು, ಎಲ್ಲಿ ತಪ್ಪಲಿಲ್ಲ ಎಂದು ಬಾಯಿಬಿಟ್ಟು ಕೇಳು. ಕೋಡು ತೆಗೆಸಿದ ಎತ್ತಿನ ಡ್ರೆಸ್ಸಿಂಗ್, ಕೆಚ್ಚಲು ಬಾವಿನ ಆಕಳಿಗೆ ಉಳಿದ ಇಂಜೆಕ್ಷನ್, ಇವನ್ನು ಮುಂದೆ ಬರುವವರಿಗೆ ಬರೆದು ಕೊಡು. ನೀ ಹೋದರೂ ಆ ದನಗಳು ಅಲ್ಲೇ ಇರುತ್ತವೆ. ಕಡೆಗೆ, ಡಾಕ್ಟರು ಒಪ್ಪಿದರೆ ಅವರ ಜೊತೆಗೇ ಅಜ್ಜಿಯ ಮನೆಗೆ ಹೋಗಿ ಬಾ.

ಈ ಕೊನೆಯ ಮಾತಿಗೆ ನನ್ನ ಸಹೋದ್ಯೋಗಿಯೊಬ್ಬರು ಬೇಸರಪಟ್ಟರು. ಅಜ್ಜಿಯ ಮಕ್ಕಳು ಪರಿಹಾರ ಕೇಳಿ ಗಲಾಟೆ ಮಾಡಿದರೆ ಹುಡುಗಿಯ ಗತಿಯೇನು ಎಂದರು. ಅವರ ಆತಂಕ ಸುಳ್ಳಲ್ಲ. ಡಾಕ್ಟರ ಜೊತೆಗೇ ಹೋಗು ಎಂದದ್ದು ಅದಕ್ಕೇ. ತಪ್ಪೊಪ್ಪಿಗೆಗೂ ಕಳಿಸಲಿಲ್ಲ, ಕ್ಷಮೆ ಕೇಳಲೂ ಕಳಿಸಲಿಲ್ಲ. ಎಮ್ಮೆ ಕಳೆದುಕೊಂಡ ಮುದುಕಿಯ ಮೇಲೆ ಇವಳನ್ನು ಸಮಾಧಾನ ಮಾಡುವ ಭಾರ ಹೊರಿಸುವುದು ಅನ್ಯಾಯ. ಮಾಡಿದ್ದನ್ನು ಮಾಡಿದಂತೆ ಹೇಳಿ ಬಾ ಎಂದೆ. ನಾಳೆ ಇದೇ ಸೀಮೆಯಲ್ಲಿ ದನದ ಡಾಕ್ಟರಾಗುವವಳು ಒಂದು ಓಣಿಗೆ ಹೆದರಿದರೆ, ಮುಂದಿನ ಹಾಲುಜ್ವರದ ಕರೆಗೆ ಕಾಲು ತಾನಾಗಿ ತಡಮಾಡುತ್ತದೆ. ಆ ತಡಕ್ಕೆ ಇನ್ನೊಂದು ಎಮ್ಮೆ ಹೋಗುತ್ತದೆ. ಇದನ್ನು ನಾನು ಈಗಲೂ ನಂಬುತ್ತೇನೆ.

ಕೊನೆಯ ದಿನ ಫೋನ್ ಮಾಡಿದಳು. ಅಜ್ಜಿ ಎಮ್ಮೆಯ ಮಾತು ಹೆಚ್ಚು ಆಡಲಿಲ್ಲವಂತೆ. ಕೈ ಹಿಡಿದು ಹಿತ್ತಲಿಗೆ ಕರೆದೊಯ್ದಳಂತೆ. ಅಲ್ಲಿ ಬಾಟಲಿ ಹಾಲು ಕುಡಿಯುತ್ತಿದ್ದ ಕರು.

“ಕರದ ನೆನಪs ಆಗಿರ್ಲಿಲ್ಲ ಮೇಡಂ ನನಗ. ಎರಡನೇ ವಾರಕ್ಕ ಜಂತಿನ ಔಷಧ ಹಾಕ್ಬೇಕಿತ್ತು, ಯಾರೂ ಹಾಕಿದ್ದಿಲ್ಲ. ಸರ್ ಮುಂದs ನಾನs ಕುಡಿಸಿದೆ. ಲಾಗ್‌ಬುಕ್ಕಿನ್ಯಾಗ ಅದs ಕಡೀ ಸಾಲು. ಕರಕ್ಕಿನ್ನೂ ಬಿಲ್ಲೆ ಇಲ್ಲ, ಅದಕ್ಕ ಅಜ್ಜಿ ಹೆಸರು ಕೇಳಿ ಬರದೀನ್ರಿ.”