ಹಳೆ ಪ್ಲಾನ್ ಸ್ಕ್ಯಾನ್ ಮಾಡಿದರೆ ಕ್ಯಾಡ್ ಫೈಲ್ ಆಗುತ್ತದೆಯೇ?

ಪ್ರಶ್ನೆ: ಅಪ್ಪ ಮಂಗಳೂರಿನಲ್ಲಿ ಬಹಳ ವರ್ಷ ಕಟ್ಟಡಗಳ ಪ್ಲಾನ್ ಬರೆದವರು. ಈಗ ಆಫೀಸು ನಾನು ನೋಡಿಕೊಳ್ಳುತ್ತೇನೆ. ಕಪಾಟಿನ ತುಂಬ ಟ್ರೇಸಿಂಗ್ ಪೇಪರ್, ಅದರಿಂದ ನಕಲು ತೆಗೆದ ಅಮೋನಿಯಾ ಪ್ರಿಂಟ್‌ಗಳ ಸುರುಳಿ. ಮನೆ ರಿಪೇರಿಗೆ, ಮಹಡಿ ಎಬ್ಬಿಸಲಿಕ್ಕೆ ಹೊರಟ ಹಳೆ ಪಾರ್ಟಿಗಳು ಬಂದು ‘ಸಾಫ್ಟ್ ಕಾಪಿ ಕೊಡಿ’ ಎನ್ನುತ್ತಾರೆ. ಮೊಬೈಲಲ್ಲಿ ಫೋಟೊ ತೆಗೆದು ಪಿಡಿಎಫ್ ಮಾಡಿ ಕಳಿಸಿದರೆ ಸಾಲದೇ? ಕೆಲವರಿಗೆ ಕ್ಯಾಡ್ ಫೈಲೇ (ಕಂಪ್ಯೂಟರಿನಲ್ಲಿ ಗೆರೆ ಗೆರೆಯಾಗಿ ತಿದ್ದಬಹುದಾದ ಡ್ರಾಯಿಂಗ್) ಬೇಕಂತೆ.
– ಓದುಗ, ಕದ್ರಿ

ಉತ್ತರ: ಸುಮ್ನೆ ನೋಡಲಿಕ್ಕಾದರೆ ಫೋಟೊ ಸಾಕು. ಅಳತೆ ತೆಗೆಯುತ್ತಾರೆ ಅಂತಾದರೆ ಬೇಡವೇ ಬೇಡ. ಲೆನ್ಸು ಅಂಚಿನ ಗೆರೆಗಳನ್ನು ಬಾಗಿಸುತ್ತದೆ, ಕೈ ಸ್ವಲ್ಪ ವಾಲಿದರೂ ಒಂದು ಬದಿಯ ಕೋಣೆ ಹಿಗ್ಗಿ ಇನ್ನೊಂದು ಬದಿಯದು ಕುಗ್ಗುತ್ತದೆ. ಆದ್ದರಿಂದ ಪಾರ್ಟಿ ಬಂದ ಕೂಡಲೇ ಕೇಳಿ: ಈ ಫೈಲಿನಲ್ಲಿ ನಿಮಗೇನು ಕೆಲಸ? ನೋಡುವುದಾ, ಅಳೆಯುವುದಾ, ತಿದ್ದುವುದಾ? ರೇಟು ಹೇಳುವುದು ಆಮೇಲೆ.

ಅಳೆಯುವವರಿಗೆ ದೊಡ್ಡ ಸ್ಕ್ಯಾನರೇ ಆಗಬೇಕು. ಎ0 ಹಾಳೆಯ ಅಗಲ 841 ಮಿ.ಮೀ., 36 ಇಂಚಿನ ಯಂತ್ರದಲ್ಲಿ ಹೋಗುತ್ತದೆ. 300 ಡಿಪಿಐ (ಇಂಚಿಗೆ 300 ಚುಕ್ಕೆ) ಸಾಕು, ಅಕ್ಷರ ತೀರಾ ಸಣ್ಣದಿದ್ದರೆ 400. ಎ0 ಹಾಳೆಯನ್ನು 300ರಲ್ಲಿ ಬಣ್ಣದಲ್ಲಿ ತೆಗೆದರೆ ಕುಗ್ಗಿಸದ ಫೈಲ್ 400 ಎಂಬಿ ದಾಟುತ್ತದೆ, ಬರೀ ಕಪ್ಪು-ಬಿಳುಪಿನಲ್ಲಿ ಸುಮಾರು 17. ಹಾಗಂತ ಎಲ್ಲವನ್ನೂ ಕಪ್ಪು-ಬಿಳುಪಿಗೆ ಹಾಕಬೇಡಿ. ಅಮೋನಿಯಾ ಪ್ರಿಂಟ್ ಬೆಳಕಿಗೆ ಮಾಸಿರುತ್ತದೆ, ಹಿನ್ನೆಲೆ ಕಂದಾಗಿರುತ್ತದೆ. ಯಂತ್ರ ತೆಳು ಗೆರೆಯನ್ನೇ ಕೊಳೆ ಅಂತ ಅಳಿಸಿಬಿಡುತ್ತದೆ. ಗ್ರೇಸ್ಕೇಲಿನಲ್ಲಿ, ಅಂದರೆ ಬೂದು ಛಾಯೆಗಳಲ್ಲಿ ತೆಗೆದು ಟಿಫ್ (ಚಿತ್ರದ ಒಂದು ಬಗೆಯ ಫೈಲ್) ಒಂದನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ, ಪಾರ್ಟಿಗೆ ಪಿಡಿಎಫ್ ಕೊಡಿ. ಪ್ರಿಂಟ್ ತೆಗೆಯುವಾಗ ‘ಫಿಟ್ ಟು ಪೇಜ್’ ಒತ್ತಬೇಡಿ ಅಂತ ಹೇಳಿ ಕಳಿಸಿ, ಇಲ್ಲದಿದ್ದರೆ ಸ್ಕೇಲು ಕೆಟ್ಟಿತು.

ಇನ್ನು ನಮ್ಮ ಕರಾವಳಿಯದೇ ಒಂದು ತಾಪತ್ರಯ ಇದೆ. ಮಳೆಗಾಲದ ತೇವಕ್ಕೆ ಕಾಗದ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ, ಟ್ರೇಸಿಂಗ್ ಪೇಪರ್ ಅಂತೂ ಇನ್ನೂ ಜಾಸ್ತಿ. 1:100 ಸ್ಕೇಲಿನಲ್ಲಿ ಹಾಳೆ 2 ಮಿ.ಮೀ. ಹಿಗ್ಗಿದರೆ ಸೈಟಿನಲ್ಲಿ 20 ಸೆಂ.ಮೀ. ವ್ಯತ್ಯಾಸ, ಒಂದು ಗೋಡೆಯ ದಪ್ಪವೇ ಆಯಿತಲ್ಲ! ಅದೂ ಅಲ್ಲದೆ ಹಾಳೆಯನ್ನು ಎಳೆದುಕೊಳ್ಳುವ ಸ್ಕ್ಯಾನರಿನ ರೋಲರಿನಲ್ಲಿ ಅದು ಚೂರು ಜಾರಿದರೆ ಉದ್ದ ಮಾತ್ರ ತಪ್ಪುತ್ತದೆ, ಅಗಲ ಸರಿಯೇ ಇರುತ್ತದೆ. ಅದಕ್ಕೇ ಡ್ರಾಯಿಂಗಿನಲ್ಲಿ ಅಳತೆ ಬರೆದಿರುವ ಒಂದು ಉದ್ದದ ಗೆರೆ, ಒಂದು ಅಗಲದ ಗೆರೆ ಹಿಡಿದು ಫೈಲಿನಲ್ಲಿ ಅಳೆದು ನೋಡಿ. ತಾಳೆಯಾಗದಿದ್ದರೆ ಅಪ್ಪ ಕೈಯಲ್ಲಿ ಬರೆದ ಅಂಕಿಯನ್ನೇ ನಂಬಿ.

ಕ್ಯಾಡ್ ವಿಷಯ. ಸ್ಕ್ಯಾನ್ ಅಂದರೆ ಚಿತ್ರ, ಅದರೊಳಗೆ ಗೋಡೆಯೂ ಇಲ್ಲ ಬಾಗಿಲೂ ಇಲ್ಲ, ಇರುವುದು ಚುಕ್ಕೆ ಮಾತ್ರ. ತನ್ನಷ್ಟಕ್ಕೆ ಗೆರೆ ಮಾಡಿಕೊಡುವ ಸಾಫ್ಟ್‌ವೇರ್ ಉಂಟು. ಆದರೆ ಒಂದು ಗೋಡೆ ಹತ್ತು ತುಂಡಾಗುತ್ತದೆ, ಅಕ್ಷರಗಳೂ ಗೆರೆಗಳಾಗುತ್ತವೆ, ಚಹಾ ಲೋಟದ ಕಲೆಗೂ ಒಂದು ವೃತ್ತ ಬೀಳುತ್ತದೆ. ಅದನ್ನು ತಿದ್ದುವ ಹೊತ್ತಿಗೆ ಕಂಪ್ಯೂಟರಿನಲ್ಲಿ ಸ್ಕ್ಯಾನನ್ನು ಅಡಿಯಲ್ಲಿಟ್ಟು ಅದರ ಮೇಲೆ ಹೊಸದಾಗಿ ಬರೆದು ಮುಗಿಸಬಹುದು. ಅದು ಡ್ರಾಫ್ಟಿಂಗ್ ಕೆಲಸ, ಸ್ಕ್ಯಾನಿಂಗ್ ರೇಟಿಗೆ ಒಪ್ಪಿಕೊಳ್ಳಬೇಡಿ. ಮಹಡಿ ಏರಿಸುವವರಿಗಾದರೆ ಮನೆಗೇ ಹೋಗಿ ಟೇಪ್ ಹಿಡಿಯಿರಿ, ಪ್ಲಾನಿನಲ್ಲಿ ಇದ್ದ ಹಾಗೇ ಕಟ್ಟಿದ ಮನೆ ಎಷ್ಟಿದೆ ಹೇಳಿ?

ಪ್ರಶ್ನೆ: ಹಾಳೆಗಳು ಸುರುಳಿಯಾಗಿ ಗಟ್ಟಿಯಾಗಿವೆ. ಕೆಲವು ಹರಿದು ಸೆಲೊಟೇಪ್ ಹಚ್ಚಿದ್ದೂ ಇದೆ. ಸ್ಕ್ಯಾನ್ ಆದಮೇಲೆ ಬಿಸಾಡಬಹುದೇ?
– ಓದುಗಿ, ಉಡುಪಿ

ಉತ್ತರ: ಮೊದಲು ಒಂದೆರಡು ದಿನ ಮೇಲೆ ಭಾರ ಇಟ್ಟು ಚಪ್ಪಟೆ ಮಾಡಿ. ಹರಿದದ್ದನ್ನು ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆಯೊಳಗೆ ಇಟ್ಟೇ ಯಂತ್ರಕ್ಕೆ ಕೊಡಿ. ಟೇಪಿನ ಅಂಟು ಗಾಜಿಗೆ ಹತ್ತಿದರೆ ಮುಂದಿನ ಎಲ್ಲ ಹಾಳೆಗಳ ಮೇಲೂ ಉದ್ದ ಗೆರೆ ಎಳೆದ ಹಾಗೆ ಬರುತ್ತದೆ, ಅಂಗಡಿಯವರೂ ಬೈಯುತ್ತಾರೆ. ಮುಟ್ಟಿದರೆ ಪುಡಿಯಾಗುವಂಥದ್ದನ್ನು ರೋಲರಿಗೆ ಕೊಡಲೇಬೇಡಿ, ಅಂಥದಕ್ಕೆ ಮೇಲಿನಿಂದ ತೆಗೆಯುವ ಕ್ಯಾಮೆರಾ. ಲ್ಯಾಮಿನೇಶನ್ ಮಾಡಿಸಬೇಡಿ, ಮತ್ತೆ ಬಿಡಿಸಲಿಕ್ಕಾಗುವುದಿಲ್ಲ.

ಬಿಸಾಡುವುದಂತೂ ಬೇಡ, ಸಹಿ ಮತ್ತು ಸೀಲು ಇರುವ ಮಂಜೂರಾತಿ ಪ್ಲಾನನ್ನು ಮುಖ್ಯವಾಗಿ. ಕತ್ತಲಲ್ಲಿ, ಒಣ ಜಾಗದಲ್ಲಿ, ನೆಲಕ್ಕೆ ತಾಗದಂತೆ ಇಡಿ. ಅಮೋನಿಯಾ ಪ್ರಿಂಟ್‌ಗಳನ್ನು ನೀಲಿ ಹಾಳೆಯ ಹಳೆ ಬ್ಲೂಪ್ರಿಂಟ್ ಜೊತೆ ಸುತ್ತಿಡಬೇಡಿ, ಒಂದರಿಂದ ಇನ್ನೊಂದು ಹಾಳಾಗುತ್ತದೆ.