ಪುಣೆಯಲ್ಲೇ ಕೂತು, ಫೀಲ್ಡ್ ವಿಸಿಟ್ ಇಲ್ಲದೆ, ಇಂದಾಪುರ ತಾಲೂಕಿನ ಕಬ್ಬಿನ ಇಟಿ (ಇವಾಪೊಟ್ರಾನ್ಸ್‌ಪಿರೇಷನ್, ಅಂದರೆ ಮಣ್ಣು ಮತ್ತು ಬೆಳೆಯಿಂದ ಆವಿಯಾಗಿ ಹೋಗುವ ನೀರು) ಸ್ಯಾಟಲೈಟ್ ಚಿತ್ರದಿಂದ ಲೆಕ್ಕ ಹಾಕಬಹುದಾ? ಅದಕ್ಕೆ ಸೆಬಾಲ್ ಅನ್ನುವ ಲೆಕ್ಕದ ವಿಧಾನ ಒಳ್ಳೆಯದಾ, ಮೆಟ್ರಿಕ್ ಒಳ್ಳೆಯದಾ? ಓಪನ್‌ಇಟಿ, ಮೋಡಿಸ್ ಹೇಗೆ? ರೈತರಿಗೆ ದಿನಾ ವಾಟ್ಸ್ಆ್ಯಪ್‌ನಲ್ಲಿ ನೀರಿನ ಸಲಹೆ ಕಳಿಸಬಹುದಾ?

ಈ ಪ್ರಶ್ನೆ ಹಿಡಿದುಕೊಂಡು ನಾನೂ ಓಡಾಡಿದ್ದೇನೆ. ತಾಲೂಕೂ ಅದೇ, ಬೆಳೆಯೂ ಅದೇ. ನೀವು ಎಂ.ಟೆಕ್ ಪ್ರಾಜೆಕ್ಟ್‌ಗೆ ಕೇಳುತ್ತಿದ್ದೀರಿ, ನಾನು ದುಡ್ಡು ತೆಗೆದುಕೊಂಡು ಮಾಡಿದ್ದೆ. ಅದಕ್ಕೇ ಪೆಟ್ಟು ಜೋರಾಗಿ ಬಿತ್ತು.

ನಾನು ಧಾರವಾಡದ ಕಡೆಯವನು. ಸಿವಿಲ್ ಓದಿ ಪುಣೆಗೆ ಬಂದೆ. ಕೆಲವು ವರ್ಷ ಬೇರೆಯವರ ಹತ್ತಿರ ಕೆಲಸ ಮಾಡಿ, ಆಮೇಲೆ ವಿಜಯಪುರದ ಗೆಳೆಯನೊಬ್ಬನ ಜೊತೆ ಕೋಥ್ರೂಡ್‌ನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಸಣ್ಣ ಕನ್ಸಲ್ಟೆನ್ಸಿ ಶುರು ಮಾಡಿದೆ. ಇಂದಾಪುರದ ಕಡೆ ಕಾಲುವೆಯ ಕೊನೆ ಭಾಗದ ರೈತರ ಗುಂಪೊಂದು ನಮ್ಮ ಹತ್ತಿರ ಬಂತು. ಮೇಲಿನವರು ನೀರೆಲ್ಲ ಎಳೆದುಕೊಳ್ಳುತ್ತಾರೆ, ನಮಗೆ ಬರುವುದೇ ಇಲ್ಲ, ಇದನ್ನು ಸ್ಯಾಟಲೈಟ್‌ನಿಂದ ತೋರಿಸಿಕೊಡಿ ಅಂದರು. ನಾವು ಖುಷಿಯಿಂದ ಒಪ್ಪಿಕೊಂಡೆವು. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರ ಪುಕ್ಕಟೆ, ಅದರ ಮೇಲೆ ಲೆಕ್ಕ ಓಡಿಸಲು ಗೂಗಲ್ ಅರ್ಥ್ ಎಂಜಿನ್ ಇದೆ, ಸೆಬಾಲ್ ಸೂತ್ರಗಳು ಪೇಪರ್‌ಗಳಲ್ಲಿ ಇವೆ. ಇನ್ನೇನು ಬೇಕು? ಹೊಲಕ್ಕೆ ಹೋಗುವ ಮಾತೇ ಬರಲಿಲ್ಲ. ನಿಮ್ಮ ಪ್ರಶ್ನೆಯಲ್ಲಿ "ಫೀಲ್ಡ್ ವಿಸಿಟ್ ಇಲ್ಲದೆ" ಅನ್ನುವ ಮಾತಿದೆಯಲ್ಲ, ಅದಕ್ಕಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಸ್ಯಾಟಲೈಟ್‌ಗೆ ಇಟಿ ಕಾಣುವುದಿಲ್ಲ. ಅದಕ್ಕೆ ಕಾಣುವುದು ಬೆಳಕು ಮತ್ತು ನೆಲದ ಮೇಲ್ಮೈ ಬಿಸಿ, ಅಷ್ಟೇ. ಬಿಸಿಲಿನಿಂದ ನೆಲಕ್ಕೆ ದಕ್ಕಿದ ಶಕ್ತಿಯಲ್ಲಿ ಒಂದು ಪಾಲು ಮಣ್ಣಿಗೆ ಇಳಿಯುತ್ತದೆ, ಒಂದು ಪಾಲು ಗಾಳಿಯನ್ನು ಕಾಯಿಸುತ್ತದೆ, ಉಳಿದದ್ದು ನೀರನ್ನು ಆವಿ ಮಾಡುತ್ತದೆ. ಒಂದು ಚದರ ಮೀಟರ್ ಜಾಗದಿಂದ ಒಂದು ಮಿಲಿಮೀಟರ್ ನೀರು ಆವಿಯಾಗಲು ಸುಮಾರು 2.45 ಮೆಗಾಜೂಲ್ ಬೇಕು. ಮೊದಲಿನ ಎರಡು ಪಾಲು ಕಳೆದು ಉಳಿದದ್ದನ್ನು ಇಟಿ ಅಂತ ಕರೆಯುತ್ತೇವೆ. ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ ಕಬ್ಬು ತೂಗುವ ಹಾಗೆ ಇದು. ತುಂಬಿದ ಟ್ರಾಲಿ ತೂಗುತ್ತಾರೆ, ಖಾಲಿ ಟ್ರಾಲಿ ತೂಗುತ್ತಾರೆ, ಕಳೆಯುತ್ತಾರೆ. ಖಾಲಿ ಟ್ರಾಲಿ ತೂಕ ತಪ್ಪಿದರೆ ಆ ತಪ್ಪೆಲ್ಲ ರೈತನ ಕಬ್ಬಿನ ಮೇಲೇ ಬೀಳುತ್ತದೆ.

ಗಾಳಿಗೆ ಹೋಗುವ ಪಾಲನ್ನು ಅಂದಾಜು ಮಾಡುವುದೇ ಕಷ್ಟದ ಕೆಲಸ. ನೆದರ್‌ಲ್ಯಾಂಡ್ಸ್‌ನ ಬಾಸ್ಟಿಯಾನ್ಸೆನ್ 1998ರಲ್ಲಿ ಸೆಬಾಲ್ ಪ್ರಕಟಿಸಿದಾಗ ಇದಕ್ಕೊಂದು ಜಾಣ ದಾರಿ ಹುಡುಕಿದ್ದರು. ಚಿತ್ರದಲ್ಲಿ ಎರಡು ಜಾಗ ಆರಿಸಿ. ಒಂದು ಪೂರ್ತಿ ಒಣಗಿದ್ದು: ಅಲ್ಲಿ ಇಟಿ ಸೊನ್ನೆ, ಶಕ್ತಿಯೆಲ್ಲ ಗಾಳಿಗೆ. ಇನ್ನೊಂದು ಪೂರ್ತಿ ತಂಪಾಗಿದ್ದು: ಅಲ್ಲಿ ಎಲ್ಲವೂ ಆವಿಗೆ. ಉಳಿದ ಪಿಕ್ಸೆಲ್‌ಗಳನ್ನು (ಚಿತ್ರದ ಚಿಕ್ಕ ಚೌಕಗಳನ್ನು) ಈ ಎರಡರ ನಡುವೆ ಬಿಸಿಯ ಪ್ರಕಾರ ಕೂರಿಸಿ. ಅಮೆರಿಕದ ಇಡಾಹೊದ ರಿಚರ್ಡ್ ಆಲನ್ ಅವರ ಗುಂಪು 2007ರಲ್ಲಿ ಪ್ರಕಟಿಸಿದ ಮೆಟ್ರಿಕ್ ಕೂಡ ಇದೇ ಬುಡದ ಮೇಲೆ ನಿಂತಿದೆ. ಮುಖ್ಯ ವ್ಯತ್ಯಾಸ ಅಂದರೆ, ಅವರು ತಂಪು ತುದಿಯನ್ನು ಹವಾಮಾನ ಕೇಂದ್ರದ ಅಳತೆಗೆ ಕಟ್ಟಿಹಾಕುತ್ತಾರೆ.

ನಾವು ಎಡವಿದ್ದು ಈ ಎರಡು ಜಾಗ ಆರಿಸುವಲ್ಲಿ. ಇದನ್ನು ಸ್ವಲ್ಪ ಜಾಸ್ತಿಯೇ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಸ್ಕ್ರಿಪ್ಟ್ ತುಂಬಾ ಸರಳ. ಹಸಿರು ಕಡಿಮೆ ಇರುವಲ್ಲಿ ಅತಿ ಬಿಸಿ ಪಿಕ್ಸೆಲ್ ತಗೋ, ಇಡೀ ಚಿತ್ರದಲ್ಲಿ ಅತಿ ತಂಪು ಪಿಕ್ಸೆಲ್ ತಗೋ. ಮಾರ್ಚ್ ತಿಂಗಳ ಚಿತ್ರ. ಕಬ್ಬು ಕಡಿದ ಹೊಲಗಳಲ್ಲಿ ರವದಿ (ಒಣ ಎಲೆ) ಸುಡುವ ಹೊತ್ತು. ಬಿಸಿ ಪಿಕ್ಸೆಲ್ ಹೋಗಿ ಕೂತದ್ದು ಆಗಷ್ಟೇ ರವದಿ ಸುಟ್ಟ ಒಂದು ಹೊಲದ ಮೇಲೆ. ಕಪ್ಪು ಬೂದಿ, ಬಿಸಿಲನ್ನೆಲ್ಲ ಹೀರಿ ಕೆಂಡದಂತೆ ಕಾದಿತ್ತು. ತಂಪು ಪಿಕ್ಸೆಲ್ ಕೂತದ್ದು ಉಜನಿ ಅಣೆಕಟ್ಟಿನ ಹಿನ್ನೀರಿನ ಮೇಲೆ. ಲ್ಯಾಂಡ್‌ಸ್ಯಾಟ್ ಈ ಕಡೆ ಹಾದುಹೋಗುವುದು ಬೆಳಿಗ್ಗೆ ಸುಮಾರು ಹನ್ನೊಂದಕ್ಕೆ. ಆಳದ ನೀರು ಆ ಹೊತ್ತಿಗೆ ಇನ್ನೂ ಕಾದಿರುವುದಿಲ್ಲ, ಬಿಸಿಲನ್ನು ಒಳಗೇ ಇಟ್ಟುಕೊಳ್ಳುತ್ತಿರುತ್ತದೆ. ಅದು ಕಬ್ಬಿಗಿಂತ ತಂಪಾಗಿರುವುದು ಕಬ್ಬಿಗಿಂತ ಹೆಚ್ಚು ಆವಿ ಬಿಡುತ್ತಿದೆ ಅಂತಲ್ಲ.

ಇದರಿಂದ ಏನಾಗುತ್ತದೆ ನೋಡಿ. ಲೆಕ್ಕ ಸುಲಭವಾಗಲಿ ಅಂತ ದುಂಡಗಿನ ಅಂಕಿ ಕೊಡುತ್ತೇನೆ. ನೀರು 25 ಡಿಗ್ರಿ, ತುಂಬು ಕಬ್ಬು 29, ಕೊನೆ ಭಾಗದ ಸೊರಗಿದ ಕಬ್ಬು 35, ಒಣ ಬೀಳು ಹೊಲ 43, ಸುಟ್ಟ ಹೊಲ 50. ಸರಿಯಾದ ತುದಿಗಳು 29 ಮತ್ತು 43. ಆಗ ತುಂಬು ಕಬ್ಬು ದಿನಕ್ಕೆ ಆರು ಮಿಲಿಮೀಟರ್ ಕುಡಿದರೆ ಸೊರಗಿದ್ದು ಸ್ಥೂಲವಾಗಿ ಮೂರೂವರೆ, ಬೀಳು ಸೊನ್ನೆ. ನಾವು ಇಟ್ಟ ತುದಿಗಳು 25 ಮತ್ತು 50. ಆಗ ತುಂಬು ಕಬ್ಬು ಐದಕ್ಕೆ ಇಳಿಯುತ್ತದೆ, ಸೊರಗಿದ್ದು ಮೂರೂವರೆ ದಾಟುತ್ತದೆ, ಬೀಳು ಹೊಲಕ್ಕೂ ಎರಡರ ಹತ್ತಿರ ಸಿಗುತ್ತದೆ. ಇದ್ದವರದ್ದು ಕಡಿಮೆ, ಇಲ್ಲದವರದ್ದು ಜಾಸ್ತಿ. ಮೇಲಿನ ಕಬ್ಬಿಗೂ ಕೊನೆಯ ಕಬ್ಬಿಗೂ ಇದ್ದ ಅಂತರ ಹೆಚ್ಚುಕಮ್ಮಿ ಅರ್ಧವಾಯಿತು.

ಇಡೀ ಪ್ರದೇಶದ ಸರಾಸರಿ ಮಾತ್ರ ನಿರೀಕ್ಷೆ ಮಾಡಿದಷ್ಟೇ ಬಂತು! ಒಂದು ಕಡೆ ಕಡಿಮೆಯಾದದ್ದು ಇನ್ನೊಂದು ಕಡೆ ಕೂಡಿಕೊಂಡಿತ್ತು. ನಾವು ಪರೀಕ್ಷೆ ಅಂತ ಮಾಡಿದ್ದೇ ಈ ಸರಾಸರಿಯನ್ನು. ಹೊಂದಿತು, ಬಣ್ಣದ ನಕ್ಷೆ ಪ್ರಿಂಟ್ ಹಾಕಿಸಿ ಕೊಟ್ಟುಬಿಟ್ಟೆವು.

ಕಾಲುವೆಯ ನೀರಿನ ಸಭೆಯಲ್ಲಿ ಮೇಲಿನ ಊರಿನವರು ಅದೇ ನಕ್ಷೆ ಎತ್ತಿ ತೋರಿಸಿದರಂತೆ. "ನೋಡಿ, ನೀವೇ ದುಡ್ಡು ಕೊಟ್ಟು ಮಾಡಿಸಿದ್ದು. ಅಂಥ ವ್ಯತ್ಯಾಸ ಎಲ್ಲಿದೆ?" ಅಂದರಂತೆ. ನಮಗೆ ಫೋನ್ ಬಂತು. ಆಗ ಹೋದೆವು ಹೊಲಕ್ಕೆ.

ಆ ಗುಂಪಿನಲ್ಲಿ ಒಬ್ಬ ಹಿರಿಯರಿದ್ದರು. ಅವರ ತಂದೆಯ ಕಾಲದಲ್ಲೇ ಅಥಣಿ ಕಡೆಯಿಂದ ಬಂದು ನೆಲೆಸಿದ ಮನೆತನ, ಮನೆಯಲ್ಲಿ ಇನ್ನೂ ಕನ್ನಡವೇ. ನಮ್ಮ ನಕ್ಷೆಯನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಬೀಳು ಬಿದ್ದ ತಮ್ಮ ಹೊಲಕ್ಕೆ ಕರೆದುಕೊಂಡು ಹೋಗಿ, ಕರಿ ಮಣ್ಣಿನ ಬಿರುಕಿನೊಳಗೆ ಕೈಯಲ್ಲಿದ್ದ ಕೋಲು ಇಳಿಸಿದರು. ಅರ್ಧ ಕೋಲು ಒಳಗೆ ಹೋಯಿತು.

"ಅಲ್ಲೋ ತಮ್ಮಾ, ಈ ಹೊಲಕ್ಕ ಎರಡು ವರ್ಷಾತು ನೀರು ಹಾಯಿಸಿಲ್ಲ. ನಿನ್ನ ಕಾಗದದಾಗ ದಿನಾ ಎರಡು ಮಿಲಿಮೀಟರ್ ಕುಡಿತೈತಿ ಅಂತ ಐತಿ. ಎಕರೆಕ್ಕ ಎಷ್ಟಾತು ಅದು?"

"ಎಂಟು ಸಾವಿರ ಲೀಟರ್ ಆಗ್ತದ, ಕಾಕಾ."

"ದಿನಾ?"

"ದಿನಾ."

"ಹಂಗಾರ ಯಾವನೋ ರಾತ್ರಿ ಟ್ಯಾಂಕರ್ ತಂದು ಸುರುವಿ ಹೋಗಾಕತ್ತಾನ. ಅವನ ಹೆಸರೂ ನಿನ್ನ ಸ್ಯಾಟಲೈಟ್‌ಗ ಗೊತ್ತಿರಬೇಕಲ್ಲ, ಕೇಳಿ ಹೇಳು. ನಮ್ಮ ಕಬ್ಬಿಗೂ ಹಾಕಂತ ಹೇಳೂಣು."

ನನ್ನ ಗೆಳೆಯ ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ. ಆ ಒಂದು ಹೊಲ ನೋಡಿದ್ದರೆ ಸಾಕಿತ್ತು, ಬಿಸಿ ಪಿಕ್ಸೆಲ್ ತಾನಾಗೇ ಸಿಗುತ್ತಿತ್ತು. ಸರಿ ಮಾಡಿದ ನಕ್ಷೆ ಕೊಡುವಷ್ಟರಲ್ಲಿ ಸಭೆ ಮುಗಿದಿತ್ತು, ಸರದಿ ನಿಗದಿಯಾಗಿತ್ತು. ಉಳಿದ ಹಣ ಬರಲಿಲ್ಲ, ಕೇಳುವ ಮುಖವೂ ನಮಗಿರಲಿಲ್ಲ. ಕನ್ಸಲ್ಟೆನ್ಸಿ ಮುಂದೆ ಜಾಸ್ತಿ ದಿನ ನಡೆಯಲಿಲ್ಲ.

ಹಾಗಾಗಿ ಸೆಬಾಲಾ ಮೆಟ್ರಿಕ್ಕಾ ಅನ್ನುವ ಪ್ರಶ್ನೆಯನ್ನು ಬಿಟ್ಟುಬಿಡಿ. ನೀವು ಹೆಸರಿಸಿದ ಓಪನ್‌ಇಟಿ ಅನ್ನುವ ಸ್ಯಾಟಲೈಟ್ ಇಟಿ ಸೇವೆ ಇದೆಯಲ್ಲ, 2021ರಲ್ಲಿ ಅಮೆರಿಕದ ಪಶ್ಚಿಮದ 17 ರಾಜ್ಯಗಳಿಗೆ ಶುರುವಾದದ್ದು, ಅವರು ಕೂಡ ಒಂದೇ ಮಾಡೆಲ್ ನಂಬಿ ಕೂತಿಲ್ಲ. ಆರು ಮಾಡೆಲ್ ಓಡಿಸಿ ಕೂಡಿಸಿಕೊಳ್ಳುತ್ತಾರೆ. ಇಂಥ ತುದಿ ಬಳಸುವ ಯಾವ ಮಾಡೆಲ್ ಆದರೂ ತುದಿ ತಪ್ಪಿದರೆ ನಿಮ್ಮನ್ನು ಕಾಪಾಡುವುದಿಲ್ಲ. ಬಿಸಿ ತುದಿಗೆ ಬೀಳು ಬಿದ್ದ, ಉತ್ತು ಬಿಟ್ಟ, ದೊಡ್ಡದಾದ ಒಂದೇ ಥರದ ಹೊಲ ಬೇಕು. ಸುಟ್ಟದ್ದು ಬೇಡ, ಗರಸು ಕಲ್ಲಿನ ಗುಡ್ಡ ಬೇಡ, ಎಂಐಡಿಸಿಯ (ಸರ್ಕಾರಿ ಕೈಗಾರಿಕಾ ಪ್ರದೇಶದ) ತಗಡಿನ ಶೆಡ್ ಅಂತೂ ಬೇಡವೇ ಬೇಡ. ಹಿಂದಿನ ವಾರ ಮಳೆ ಬಿದ್ದಿದ್ದರೆ ಅಲ್ಲಿ ಇಟಿ ಸೊನ್ನೆ ಅಂತ ಹಿಡಿಯಬೇಡಿ, ಮಣ್ಣಿನ ತೇವದ ಲೆಕ್ಕ ಹಾಕಿ. ತಂಪು ತುದಿಗೆ ನೀರು ಹಾಯಿಸಿದ, ನೆಲ ಕಾಣದಷ್ಟು ತುಂಬಿದ ಬೆಳೆ. ಮುಳಶಿ ಕಡೆಯ ಘಟ್ಟದ ಕಾಡನ್ನೂ ದೌಂಡ್ ಕಡೆಯ ಬಯಲನ್ನೂ ಒಂದೇ ಜೋಡಿ ತುದಿಯಿಂದ ಅಳೆಯಬೇಡಿ.

ಆಮೇಲೆ ಇಟಿಯನ್ನು ಆ ದಿನದ ರೆಫರೆನ್ಸ್ ಇಟಿಯಿಂದ (ನೀರಿನ ಕೊರತೆ ಇಲ್ಲದ ಹುಲ್ಲಿನ ಇಟಿ) ಭಾಗಿಸಿ ನೋಡಿ. ಇದಕ್ಕೆ ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) 56ನೇ ಕೈಪಿಡಿಯಲ್ಲಿ ಕೊಟ್ಟ, ಹವಾಮಾನದ ಅಂಕಿ ಹಾಕಿ ಲೆಕ್ಕ ಮಾಡುವ ಪೆನ್‌ಮನ್-ಮಾಂಟೀತ್ ಸೂತ್ರ ಸಾಕು. ಗಾಳಿಯ ವೇಗ ಹತ್ತು ಮೀಟರ್ ಎತ್ತರದ್ದಾಗಿದ್ದರೆ 0.75ರಿಂದ ಗುಣಿಸಿ ಎರಡು ಮೀಟರ್‌ಗೆ ಇಳಿಸಿಕೊಳ್ಳಿ, ಇದನ್ನು ಮರೆಯುವವರು ಬಹಳ. ಮಾರ್ಚ್‌ನಲ್ಲಿ ಬೀಳು ಹೊಲದ ಅನುಪಾತ ಸೊನ್ನೆಯ ಹತ್ತಿರ ಇರಬೇಕು, ತುಂಬು ಕಬ್ಬಿನದು ಒಂದನ್ನು ಸ್ವಲ್ಪ ದಾಟಬಹುದು. ಸರಾಸರಿ ಆಮೇಲೆ ನೋಡಿ.

ಮೋಡಿಸ್ (ನಾಸಾ ಉಪಗ್ರಹದ ಮೇಲಿನ ಉಪಕರಣ) ವಿಷಯ: ಅದರ ಸಿದ್ಧ ಇಟಿ ನಕ್ಷೆಯಾದ ಎಂಒಡಿ16ರ ಒಂದು ಪಿಕ್ಸೆಲ್ 500 ಮೀಟರ್, ಅಂದರೆ ಅರವತ್ತು ಎಕರೆಗೂ ಜಾಸ್ತಿ. ಎಂಟು ದಿನದ ಒಟ್ಟು ಮೊತ್ತ ಅದು, ಮಿಲಿಮೀಟರ್ ಬೇಕಾದರೆ 0.1ರಿಂದ ಗುಣಿಸಬೇಕು. ನೆಲದ ಬಿಸಿಯನ್ನು ಅದು ಬಳಸುವುದೇ ಇಲ್ಲ, ಎಲೆ ಮತ್ತು ಹವಾಮಾನ ನೋಡಿ ಹೇಳುತ್ತದೆ. ಕಾಲುವೆ ನೀರು ಯಾರಿಗೆ ಬಂತು, ಯಾರಿಗೆ ಇಲ್ಲ ಅಂತ ಅದನ್ನು ಕೇಳಿ ಪ್ರಯೋಜನವಿಲ್ಲ.

ಇನ್ನು ನಿಮ್ಮ ದೊಡ್ಡ ಆಸೆ: ಪ್ರತಿ ರೈತನಿಗೆ ದಿನಾ ವಾಟ್ಸ್ಆ್ಯಪ್‌ನಲ್ಲಿ "ಇವತ್ತು ಇಷ್ಟು ನೀರು ಬಿಡಿ" ಅಂತ ಕಳಿಸುವುದು. ದಯವಿಟ್ಟು ಬೇಡ. ಲ್ಯಾಂಡ್‌ಸ್ಯಾಟ್ 8 ಮತ್ತು 9ರ ಥರ್ಮಲ್ (ಬಿಸಿ ಅಳೆಯುವ) ಪಿಕ್ಸೆಲ್ ನಿಜದಲ್ಲಿ 100 ಮೀಟರ್, ಎರಡೂವರೆ ಎಕರೆ. 30 ಮೀಟರ್‌ಗೆ ಹಂಚಿ ಕೊಡುತ್ತಾರೆ ಅಂದಮಾತ್ರಕ್ಕೆ ವಿವರ ಹುಟ್ಟುವುದಿಲ್ಲ. ಎಕರೆ ಹೊಲದವನಿಗೆ ನೀವು ಪಕ್ಕದವನ ಹೊಲದ ಬಿಸಿ ಕಳಿಸುತ್ತೀರಿ. ಎರಡೂ ಸೇರಿ ಎಂಟು ದಿನಕ್ಕೊಮ್ಮೆ ಬರುತ್ತವೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡವೇ ಮೋಡ. ಆಡಸಾಲಿ ಕಬ್ಬು ಹದಿನೆಂಟು ತಿಂಗಳು ನಿಲ್ಲುತ್ತದೆ, ಎರಡು ಮಳೆಗಾಲ ದಾಟುತ್ತದೆ. ಆಗೆಲ್ಲ ಏನು ಕಳಿಸುತ್ತೀರಿ? ದಿನದ ಸಲಹೆಗೆ ರೆಫರೆನ್ಸ್ ಇಟಿಯನ್ನು ಬೆಳೆ ಗುಣಾಂಕದಿಂದ (ಬೆಳೆಯ ಹಂತಕ್ಕೆ ತಕ್ಕ ಅಂಕಿ) ಗುಣಿಸಿ. ಕಬ್ಬಿಗೆ ಎಫ್‌ಎಒ ಕೊಟ್ಟದ್ದು ಶುರುವಿಗೆ 0.40, ನಡುವೆ 1.25, ಕೊನೆಗೆ 0.75. ಯುರೋಪಿನ ಸೆಂಟಿನೆಲ್-2 ಉಪಗ್ರಹದಲ್ಲಿ ಥರ್ಮಲ್ ಇಲ್ಲ, ಆದರೆ 10 ಮೀಟರ್ ಚಿತ್ರ ಐದು ದಿನಕ್ಕೊಮ್ಮೆ ಸಿಗುತ್ತದೆ. ಬೆಳೆ ಎಷ್ಟು ತುಂಬಿದೆ ಅಂತ ಅದರಲ್ಲಿ ನೋಡಿ ಗುಣಾಂಕ ತಿದ್ದಿಕೊಳ್ಳಿ. ಜೊತೆಗೆ ಒಂದು ಮಳೆಮಾಪಕ.

ಲ್ಯಾಂಡ್‌ಸ್ಯಾಟ್ ಇಟಿ ಇರುವುದು ಕಾಲುವೆಯ ಮೇಲಿನ ಭಾಗ ಮತ್ತು ಕೊನೆ ಭಾಗ ಹೋಲಿಸಲು. ಪ್ರಾಜೆಕ್ಟ್ ಅದರ ಮೇಲೇ ಮಾಡಿ. ಗೈಡ್ ಕೇಳಿದರೆ ಹೊಲಗಳ ಪಟ್ಟಿ ತೋರಿಸಿ: ಯಾವುದು ಬೀಳು, ಯಾವುದು ಕೂಳೆ (ಕಡಿದ ಬುಡದಿಂದ ಮತ್ತೆ ಚಿಗುರಿದ ಕಬ್ಬು), ಕೊನೆಯ ಸಲ ನೀರು ಬಿಟ್ಟದ್ದು ಯಾವತ್ತು. ಅದನ್ನು ಬರೆದುಕೊಳ್ಳಲು ಸ್ವಾರಗೇಟ್‌ನಿಂದ ಬಸ್ ಹತ್ತಿದರೆ ಆಯಿತು. ಹೋಗುವುದಿದ್ದರೆ ಜೂನ್ ಒಳಗೆ ಹೋಗಿ, ಮಳೆ ಹಿಡಿದ ಮೇಲೆ ಒಣ ತುದಿ ಎಲ್ಲೂ ಸಿಗುವುದಿಲ್ಲ.