ವಿಕಾಸವು ಸ್ವಾರ್ಥವನ್ನೇ ಬೆಳೆಸುವುದಾದರೆ ಜೀವಿಗಳಲ್ಲಿ ಸಹಕಾರ ಹೇಗೆ ಉಳಿಯಿತು?

ಉಳಿವಿಗಾಗಿ ಹೋರಾಟವೇ ವಿಕಾಸದ ನಿಯಮವಾದರೆ ಕೆಲವು ಜೀವಿಗಳು ಪರರ ಮರಿಗಳಿಗಾಗಿ ದುಡಿದು ಸಾಯುವುದೇಕೆ, ಅದು ಇಡೀ ಪ್ರಭೇದದ ಒಳಿತಿಗಾಗಿ ಮಾಡುವ ತ್ಯಾಗವೇ ಎಂದು ನೀವು ಕೇಳಿದ್ದೀರಿ. ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಪ್ರಭೇದದ ಒಳಿತು ಎಂಬ ಕಲ್ಪನೆಯನ್ನು ಕೈಬಿಡದ ಹೊರತು ಮೊದಲನೆಯದು ಬಗೆಹರಿಯುವುದಿಲ್ಲ.

ಆ ಕಲ್ಪನೆಯನ್ನು ಅಲುಗಾಡಿಸಿದ ಸಾಕ್ಷ್ಯಗಳಲ್ಲಿ ಒಂದು ನಮ್ಮ ಧಾರವಾಡದಿಂದಲೇ ಬಂದಿತು. 1960ರ ದಶಕದ ಆರಂಭದಲ್ಲಿ ಜಪಾನಿನ ಯುಕಿಮಾರು ಸುಗಿಯಾಮಾ ಅವರು ಅಲ್ಲಿನ ಮುಸುವಗಳನ್ನು, ಅಂದರೆ ಕರಿಮೋರೆಯ ಹನುಮಾನ್ ಲಂಗೂರ್‌ಗಳನ್ನು ಅಧ್ಯಯನ ಮಾಡುತ್ತಿದ್ದಾಗ, ಹೊರಗಿನಿಂದ ಬಂದ ಗಂಡು ಹಿಂಡಿನ ಯಜಮಾನನನ್ನು ಓಡಿಸಿದ ಮೇಲೆ ಎಳೆಯ ಮರಿಗಳನ್ನು ಕಚ್ಚಿ ಕೊಲ್ಲುವುದನ್ನು ದಾಖಲಿಸಿದರು. ಮರಿಗೆ ಹಾಲೂಡುತ್ತಿರುವ ತಾಯಿ ಬೆದೆಗೆ ಬರುವುದಿಲ್ಲ. ಮರಿ ಸತ್ತರೆ ಬೇಗನೆ ಬರುತ್ತಾಳೆ. ಹೊಸ ಯಜಮಾನನನ್ನೂ ಇನ್ನೊಬ್ಬ ಗಂಡು ಕೆಲವೇ ವರ್ಷಗಳಲ್ಲಿ ಓಡಿಸುವ ಸಂಭವ ಇರುವುದರಿಂದ ಅವನಿಗೆ ಕಾಯುವಷ್ಟು ಕಾಲಾವಕಾಶವಿಲ್ಲ. 1970ರ ದಶಕದಲ್ಲಿ ರಾಜಸ್ಥಾನದ ಮೌಂಟ್ ಅಬುವಿನಲ್ಲಿ ಇದೇ ಪ್ರಾಣಿಯನ್ನು ಗಮನಿಸಿದ ಅಮೆರಿಕದ ಸಂಶೋಧಕಿ ಸಾರಾ ಹರ್ಡಿ ಅವರು ಮುಂದಿಟ್ಟ ವಿವರಣೆ ಇದು. ಪ್ರಭೇದದ ದೃಷ್ಟಿಯಿಂದ ನೋಡಿದರೆ ಇದು ಶುದ್ಧ ನಷ್ಟ. ಲಾಭವಾಗುವುದು ಆ ಒಂದು ಗಂಡಿಗೆ, ಇನ್ನೂ ನಿಖರವಾಗಿ ಹೇಳುವುದಾದರೆ ಅವನ ಜೀನ್‌ಗಳಿಗೆ, ಅಂದರೆ ಹೆತ್ತವರಿಂದ ಮಕ್ಕಳಿಗೆ ಗುಣಗಳನ್ನು ಸಾಗಿಸುವ ವಂಶವಾಹಿಗಳಿಗೆ. ಆದರೆ ಅದೇ ಹಿಂಡಿನಲ್ಲಿ, ತಾನು ಇನ್ನು ಮರಿ ಹಾಕಲಾರದ ಮುದಿ ಹೆಣ್ಣೊಂದು ಮತ್ತೊಬ್ಬಳ ಮರಿಯನ್ನು ಉಳಿಸಲು ಆ ಗಂಡಿನ ಮೇಲೆ ಬೀಳುವುದನ್ನೂ ಹರ್ಡಿ ಕಂಡಿದ್ದರು. ಹೆಣ್ಣು ಮುಸುವಗಳು ಸಾಮಾನ್ಯವಾಗಿ ಹುಟ್ಟಿದ ಹಿಂಡಿನಲ್ಲೇ ಉಳಿಯುವುದರಿಂದ ಆ ಮರಿ ಮುದುಕಿಗೆ ಮೊಮ್ಮಗುವೋ ತಂಗಿಯ ಮಗುವೋ ಆಗಿರಬಹುದು.

ಈ ನಂಟಿಗೆ ಲೆಕ್ಕ ಕೊಟ್ಟವರು ಬ್ರಿಟನ್ನಿನ ಜೀವವಿಜ್ಞಾನಿ ಡಬ್ಲ್ಯು. ಡಿ. ಹ್ಯಾಮಿಲ್ಟನ್. 1964ರಲ್ಲಿ ಅವರು ಹೇಳಿದ್ದು ಇಷ್ಟು: ನೆರವು ಪಡೆದ ಜೀವಿಗೆ ಆಗುವ ಲಾಭವನ್ನು ಇಬ್ಬರ ರಕ್ತಸಂಬಂಧದ ಪ್ರಮಾಣದಿಂದ (ಒಂದೇ ಮೂಲದಿಂದ ಇಬ್ಬರಿಗೂ ಬಂದ ಜೀನ್‌ಗಳ ಪಾಲಿನಿಂದ) ಗುಣಿಸಿದಾಗ ಬರುವ ಮೊತ್ತ, ನೆರವು ನೀಡಿದ ಜೀವಿಯ ನಷ್ಟವನ್ನು ಮೀರುವುದಾದರೆ, ನೆರವಾಗುವ ಗುಣ ಪೀಳಿಗೆಯಿಂದ ಪೀಳಿಗೆಗೆ ಹರಡುತ್ತದೆ. ಒಡಹುಟ್ಟಿದವರಲ್ಲಿ ಆ ಪ್ರಮಾಣ 1/2, ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳಲ್ಲಿ 1/8. ರಕ್ತಸಂಬಂಧವೇ ಇಲ್ಲದವರ ನಡುವೆ ಪರಸ್ಪರ ಉಪಕಾರವೂ ಬೆಳೆಯಬಲ್ಲದೆಂದು ಅಮೆರಿಕದ ಜೀವವಿಜ್ಞಾನಿ ರಾಬರ್ಟ್ ಟ್ರಿವರ್ಸ್ 1971ರಲ್ಲಿ ತೋರಿಸಿದರು. ಅದಕ್ಕೆ ಮತ್ತೆ ಮತ್ತೆ ಭೇಟಿಯಾಗುವ ಅವಕಾಶವೂ ಮೋಸಗಾರನನ್ನು ನೆನಪಿಡುವ ಸಾಮರ್ಥ್ಯವೂ ಬೇಕು.

ಆದರೆ ರಕ್ತಸಂಬಂಧವೊಂದರಿಂದಲೇ ಎಲ್ಲವನ್ನೂ ವಿವರಿಸುವ ಉತ್ಸಾಹ ನನಗೆ ಸರಿಕಾಣುವುದಿಲ್ಲ. ಕಣಜ, ಜೇನು, ಇರುವೆಗಳಲ್ಲಿ ಗಂಡಿಗೆ ವರ್ಣತಂತುಗಳ (ಜೀನ್‌ಗಳನ್ನು ಹೊತ್ತ ಎಳೆಗಳ) ಒಂದೇ ಪ್ರತಿಯಿದ್ದು, ಅದು ಅವನ ಎಲ್ಲ ಹೆಣ್ಣುಮಕ್ಕಳಿಗೂ ಇಡಿಯಾಗಿ ಸಿಗುವ ಕಾರಣ, ಒಂದೇ ತಂದೆಯ ಅಕ್ಕತಂಗಿಯರ ನಂಟು 3/4 ಆಗುತ್ತದೆ, ಸ್ವಂತ ಮಗಳ ನಂಟಿಗಿಂತ ಹೆಚ್ಚು. ಹಾಗಾಗಿ ಅವು ತಂಗಿಯರನ್ನು ಸಾಕುತ್ತವೆ ಎಂಬ ಉತ್ತರ ಬಹಳ ಸುಂದರವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ಮತ್ತು ಸಂಗಡಿಗರು ದಶಕಗಳ ಕಾಲ ಅಧ್ಯಯನ ಮಾಡಿದ ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜ (ನಮ್ಮ ಕಿಟಕಿಯ ಮೂಲೆಗಳಲ್ಲಿ ಕಾಗದದಂಥ ಗೂಡು ಕಟ್ಟುವಂಥದ್ದು) ಈ ಸುಂದರ ಉತ್ತರಕ್ಕೆ ಒಗ್ಗುವುದಿಲ್ಲ. ಅದರ ರಾಣಿ ಒಂದಕ್ಕಿಂತ ಹೆಚ್ಚು ಗಂಡುಗಳೊಡನೆ ಕೂಡುತ್ತಾಳೆ, ರಾಣಿಯರೂ ಬದಲಾಗುತ್ತಿರುತ್ತಾರೆ, ಆದ್ದರಿಂದ ಗೂಡಿನೊಳಗಿನ ನಂಟು 3/4ಕ್ಕಿಂತ ಬಹಳ ಕಡಿಮೆ. ಗದಗ್‌ಕರ್ ಬೇರೊಂದು ಕಡೆ ನೋಡಿದರು. ಈ ಕಣಜದ ಮೊಟ್ಟೆ ರೆಕ್ಕೆಯ ಹುಳವಾಗಲು ಸುಮಾರು ಎರಡು ತಿಂಗಳು ಹಿಡಿಯುತ್ತದೆ. ಕೆಲಸಗಾರ್ತಿಯ ಸರಾಸರಿ ಆಯುಷ್ಯ ಒಂದು ತಿಂಗಳ ಆಸುಪಾಸು. ಒಂಟಿಯಾಗಿ ಗೂಡು ಕಟ್ಟಿದವಳು ನಡುವೆ ಸತ್ತರೆ ಅವಳ ಶ್ರಮವೆಲ್ಲ ಮಣ್ಣುಪಾಲು. ಗುಂಪಿನಲ್ಲಿ ಹತ್ತು ದಿನ ದುಡಿದು ಸತ್ತವಳ ಹತ್ತು ದಿನದ ದುಡಿಮೆಯಾದರೂ ದಂಡವಾಗುವುದಿಲ್ಲ, ಉಳಿದವರು ಅದೇ ಮರಿಗಳನ್ನು ದಡ ಮುಟ್ಟಿಸುತ್ತಾರೆ.

ಜೊತೆಗೆ, ಈ ಕೆಲಸಗಾರ್ತಿಯರು ಬಂಜೆಯರಲ್ಲ. ಗೂಡಿನಿಂದ ಬೇರ್ಪಡಿಸಿ, ಆಹಾರ ಕೊಟ್ಟು ಒಂಟಿಯಾಗಿ ಇರಿಸಿದರೆ ಸುಮಾರು ಅರ್ಧದಷ್ಟು ಹೆಣ್ಣುಗಳು ತಾವೇ ಮೊಟ್ಟೆಯಿಡುತ್ತವೆ. ರಾಣಿಯನ್ನು ತೆಗೆದುಬಿಟ್ಟರೆ, ಅದುವರೆಗೆ ಎಲ್ಲರಂತೆ ಇದ್ದ ಒಬ್ಬ ಕೆಲಸಗಾರ್ತಿ ಸ್ವಲ್ಪ ಹೊತ್ತಿನಲ್ಲೇ ವಿಪರೀತ ಆಕ್ರಮಣಕಾರಿಯಾಗಿ ತಿರುಗುತ್ತಾಳೆ, ಉಳಿದವರು ಎದುರಾಡದೆ ಒಪ್ಪಿಕೊಳ್ಳುತ್ತಾರೆ. ರಾಣಿಯನ್ನು ಮರಳಿ ತಂದಿಡದಿದ್ದರೆ ಅವಳೇ ಕೆಲವು ದಿನಗಳಲ್ಲಿ ಮೊಟ್ಟೆಯಿಡಲು ಆರಂಭಿಸಿ, ಹಳೆಯ ರಾಣಿಯಂತೆಯೇ ಸೌಮ್ಯಳಾಗುತ್ತಾಳೆ. ಅವಳನ್ನು ಸ್ವಾರ್ಥಿ ಎನ್ನಬೇಕೋ ಸಹಕಾರಿ ಎನ್ನಬೇಕೋ ಎಂದು ನೀವು ಕೇಳಿದರೆ, ಯಾವ ವಾರದಲ್ಲಿ ಎಂದು ನಾನು ತಿರುಗಿ ಕೇಳಬೇಕಾಗುತ್ತದೆ.